ಕ್ಯಾಮೆರಾ ಹಿಡಿದು ಕಾಸರಗೋಡು ಸುತ್ತಿದ ರಜೆ

ಶುಕ್ರವಾರ, ನೀರ್ಚಾಲು

ಡಿಸೆಂಬರ್ ಕೊನೆಯಲ್ಲಿ ತವರಿಗೆ ಹೋದರೆ ಅಂಗಳದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲೆಲ್ಲೂ ಅಡಿಕೆ. ಬೆಳಿಗ್ಗೆ ಮೈಸೂರಿನಿಂದ ಹೊರಟವರು ಮಡಿಕೇರಿ, ಸುಳ್ಯ, ಜಾಲ್ಸೂರು, ಮುಳ್ಳೇರಿಯ ದಾಟಿ ನೀರ್ಚಾಲಿನ ಮನೆ ಸೇರುವಾಗ ಗಂಟೆ ನಾಲ್ಕು. ಮಗಳು ಕಾರಿನಿಂದ ಇಳಿದವಳೇ ಅಡಿಕೆಯ ಮೇಲೆ ಓಡಿದಳು. ಅಪ್ಪ ಏನೂ ಹೇಳಲಿಲ್ಲ. ನಾವು ಚಿಕ್ಕವರಿದ್ದಾಗ ಹೀಗೆ ಓಡಿದ್ದರೆ ಬೆತ್ತ ಹುಡುಕುತ್ತಿದ್ದರು. ಮೊಮ್ಮಕ್ಕಳಿಗೆ ಕಾನೂನೇ ಬೇರೆ.

ಈ ಸಲ ನನ್ನ ಹೆಗಲಲ್ಲಿ ಕ್ಯಾಮೆರಾ ಇತ್ತು. ಸಹೋದ್ಯೋಗಿಯೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3300. 2014ರಲ್ಲಿ ಬಂದ ಮಾಡೆಲ್, 24 ಮೆಗಾಪಿಕ್ಸೆಲ್, ಅದರ ಜೊತೆಗೇ ಬರುವ 18-55 ಲೆನ್ಸ್. ಮೊಬೈಲ್ ಇರುವಾಗ ಇದು ಯಾಕೆ ಅಂತ ಇವರು, ನನ್ನ ಗಂಡ, ಕೇಳಿ ಕೇಳಿ ಈಗ ಸುಮ್ಮನಾಗಿದ್ದಾರೆ.

ನನ್ನ ಗುರು ಅಣ್ಣನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಓದುವುದಕ್ಕಿಂತ ಯಕ್ಷಗಾನದ ಫೋಟೊ ತೆಗೆಯುವುದು ಜಾಸ್ತಿ. ಕಾಫಿ ಕುಡಿಯುತ್ತಲೇ ಪಾಠ ಶುರು ಮಾಡಿದ. "ಅತ್ತೆ, ಬೆಳಿಗ್ಗೆ ಎಂಟರ ಒಳಗೆ, ಸಂಜೆ ನಾಲ್ಕೂವರೆ ಮೇಲೆ. ಮಧ್ಯದಲ್ಲಿ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ."

ಕೇಳಲು ಚಂದ. ಆದರೆ ಮನೆಮಂದಿಯನ್ನು ಕಟ್ಟಿಕೊಂಡು ಹೊರಡುವವರಿಗೆ ಇದು ನಡೆಯುವ ಮಾತಲ್ಲ. ತಿಂಡಿ ಮುಗಿದು, ಅಮ್ಮನ ಪೂಜೆ ಮುಗಿದು, ಮಗಳ ಇನ್ನೊಂದು ಚಪ್ಪಲಿ ಸಿಕ್ಕಿ, ಕಾರು ಗೇಟು ದಾಟುವಾಗ ಹತ್ತು ಗಂಟೆ. ತಲುಪುವಾಗ ಹನ್ನೊಂದು. ಫೋಟೊ ಕಲಿಸುವವರೆಲ್ಲ ಯಾವ ಹೊತ್ತು ಬೇಡ ಅನ್ನುತ್ತಾರೋ ಅದೇ ನಮ್ಮ ಪಾಲಿನ ಹೊತ್ತು. ನಾನು ಕಲಿಯಬೇಕಾದದ್ದು ನಡು ಹಗಲಿನ ಬಿಸಿಲನ್ನೇ ಅಂತ ಅವತ್ತೇ ನಿಶ್ಚಯ ಮಾಡಿಕೊಂಡೆ.

ಬಿಸಿಲಿನ ಮೊದಲ ಪಾಠ ಅವತ್ತು ಸಂಜೆಯೇ ಸಿಕ್ಕಿತು, ಅಪ್ಪನಿಂದ. ಅಪ್ಪ ಅಡಿಕೆ ಮಗುಚುತ್ತಿದ್ದರು. ಕೈಯಿಂದಲ್ಲ, ಕಾಲಿನಿಂದ. ಪಾದ ಎತ್ತದೆ ಎಳೆಯುತ್ತಾ ಈ ತುದಿಯಿಂದ ಆ ತುದಿಗೆ ಸಾಲಾಗಿ ನಡೆಯುತ್ತಾರೆ. ಬಿಸಿಲು ಕಂಡ ಮೈ ಕೆಳಗಾಗುತ್ತದೆ, ಹಸಿ ಮೈ ಮೇಲೆ ಬರುತ್ತದೆ. ಸಿಪ್ಪೆ ಸಮೇತ ಒಣಗಿಸುವ ಈ ಚಾಲಿ ಅಡಿಕೆ ಒಣಗಲು ಒಳ್ಳೆ ಬಿಸಿಲಿನಲ್ಲೂ ನಲವತ್ತು, ನಲವತ್ತೈದು ದಿನ ಬೇಕು. ಹಾಗಾಗಿ ಅಂಗಳದಲ್ಲಿ ಒಂದೇ ಹೊತ್ತಿಗೆ ಬೇರೆ ಬೇರೆ ಬಣ್ಣ. ನಿನ್ನೆ ಮೊನ್ನೆ ಹರಡಿದ್ದು ಕಿತ್ತಳೆ, ಅದರಾಚೆ ಕಂದು, ಕೊಟ್ಟಿಗೆಯ ಬದಿಯಲ್ಲಿ ಬೂದಿ ಬಣ್ಣಕ್ಕೆ ತಿರುಗಿದ ಹಳೆಯ ರಾಶಿ.

ನಾನು ಬಿಸಿಲಿಗೆ ಬೆನ್ನು ಹಾಕಿ ನಿಂತು ಫೋಟೊ ತೆಗೆದೆ. ಬಣ್ಣ ಬಂತು, ಅಡಿಕೆ ಮಾತ್ರ ನೆಲಕ್ಕೆ ಅಂಟಿಸಿದ ಹಾಗೆ ಚಪ್ಪಟೆ. ಅಪ್ಪ ತಲೆ ಎತ್ತದೆ ಹೇಳಿದರು. "ಆಚೆ ಬದಿಗೆ ಹೋಗಿ ನಿಲ್ಲು. ಬೇಗ ತೆಗಿ. ಇನ್ನು ಅರ್ಧ ಗಂಟೆಯಲ್ಲಿ ತೆಂಗಿನ ನೆರಳು ಬಾವಿಕಟ್ಟೆಗೆ ಬರ್ತದೆ, ಆಮೇಲೆ ಇಲ್ಲಿ ಬಿಸಿಲಿಲ್ಲ."

ಆಚೆ ಬದಿಯಿಂದ ನೋಡಿದರೆ ಬಿಸಿಲು ನನ್ನ ಕಡೆಗೆ ಬರುತ್ತಿತ್ತು. ಒಂದೊಂದು ಅಡಿಕೆಗೂ ಒಂದೊಂದು ಉದ್ದ ನೆರಳು. ಅಪ್ಪ ಕಾಲು ಎಳೆದ ದಾರಿಗಳು ಸಾಲು ಸಾಲಾಗಿ ಎದ್ದು ಕಂಡವು. ಅಪ್ಪನಿಗೆ ಕ್ಯಾಮೆರಾ ಗೊತ್ತಿಲ್ಲ. ಆದರೆ ಈ ಅಂಗಳದಲ್ಲಿ ಯಾವ ತಿಂಗಳು, ಯಾವ ಗಂಟೆಗೆ, ಯಾವ ಮರದ ನೆರಳು ಎಲ್ಲಿ ಬೀಳುತ್ತದೆ ಅಂತ ಬಾಯಿಪಾಠ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ, ತೆಂಕು ಜಗಲಿಯ ಒಳಗೆ ಬಿಸಿಲು ಎರಡು ಮೊಳ ನುಗ್ಗುತ್ತದೆ. ಅಡಿಕೆ ಒಣಗಿಸುವವರಿಗೆ ಇದು ಹೊಟ್ಟೆಪಾಡು. ಗುರುಗಳಿಗೆ ಹೇಳಿದೆ. "ಅಜ್ಜನ ಹತ್ತಿರ ನನಗೂ ಕೇಳಬಹುದಿತ್ತು ಅಲ್ವಾ" ಅಂತ ತಲೆ ಕೆರೆದುಕೊಂಡ.

ಶನಿವಾರ, ಅನಂತಪುರ

ಸೀತಾಂಗೋಳಿ ದಾಟಿ ನಾಯ್ಕಾಪಿನ ಹತ್ತಿರ ಒಳಗೆ ತಿರುಗಿದರೆ ಅನಂತಪುರ. ಕುಂಬಳೆಯಿಂದಲೂ ಹತ್ತಿರವೇ. ಸುತ್ತ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬೋಳು ಪದವು, ಒಣ ಹುಲ್ಲು. ಆ ಬಯಲಿನ ತಗ್ಗಿನಲ್ಲಿ ಕೆರೆ, ಕೆರೆಯ ನಡುವೆ ದೇವಸ್ಥಾನ. ಕೇರಳದಲ್ಲಿ ಕೆರೆಯೊಳಗೆ ಇರುವ ದೇವಸ್ಥಾನ ಇದೊಂದೇ. ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನ ಇದು ಅನ್ನುವ ನಂಬಿಕೆ.

ನಾವು ಇಳಿದದ್ದು ಹನ್ನೊಂದೂವರೆಗೆ. ನೀರಿನ ಮೇಲೆ ಬಿಸಿಲು ಬಡಿದು ಕಣ್ಣು ಬಿಡಲು ಆಗುತ್ತಿರಲಿಲ್ಲ. ಇಲ್ಲಿ ಪೋಲರೈಸರ್ ಕೆಲಸಕ್ಕೆ ಬಂತು. ಲೆನ್ಸಿನ ಮುಂದೆ ಹಾಕಿ ಮೆಲ್ಲಗೆ ತಿರುಗಿಸುವ ಗಾಜು ಅದು. ಒಂದು ಹಂತಕ್ಕೆ ಬಂದಾಗ ನೀರಿನ ಮೇಲಿನ ಬಿಳಿ ಹೊಳಪು ಅಳಿಸಿ ಹೋಯಿತು, ಒಳಗಿನ ಹಸಿರು ಕಂಡಿತು, ಮೆಟ್ಟಿಲುಗಳ ಕೆಳ ಸಾಲು ಕಂಡಿತು. ಪೂರ್ತಿ ಅಳಿಸಿದರೆ ದೇವಸ್ಥಾನದ ಪ್ರತಿಬಿಂಬವೂ ಹೋಗುತ್ತದೆ. ಅರ್ಧಕ್ಕೆ ನಿಲ್ಲಿಸಬೇಕು. ಗಾಜು ಬೆಳಕನ್ನೂ ಸ್ವಲ್ಪ ತಿನ್ನುತ್ತದೆ, ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). ನಡು ಹಗಲಲ್ಲಿ ಅದೇನೂ ನಷ್ಟ ಅಲ್ಲ.

ಮಗಳಿಗೆ ಬೇಕಾದದ್ದು ಮೊಸಳೆ. ಇಲ್ಲಿ ಬಬಿಯಾ ಅಂತ ಒಂದು ಮೊಸಳೆ ಇತ್ತು. ದೇವರ ನೈವೇದ್ಯದ ಅನ್ನ ತಿನ್ನುತ್ತಿತ್ತು, ಯಾರಿಗೂ ತೊಂದರೆ ಕೊಟ್ಟದ್ದಿಲ್ಲ. 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತು. ಅದನ್ನು ಕೊನೆಯ ಸಲ ನೋಡಲು ಊರೂರಿನಿಂದ ಜನ ಬಂದಿದ್ದರು. ಮರುವರ್ಷ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಹೊಸತು ಎಲ್ಲಿಂದ ಬಂತು ಅಂತ ಮಗಳು ಕೇಳಿದರೆ ಅಮ್ಮ, "ದೇವರಿಗೆ ಬೇಕು ಅನ್ನಿಸಿತು, ಬಂತು" ಅಂದರು. ನಮಗೆ ದರ್ಶನ ಆಗಲಿಲ್ಲ. ಕ್ಯಾಮೆರಾಕ್ಕೆ ಸಿಕ್ಕಿದ್ದು ಕಾಯುತ್ತಾ ಕೂತ ಅಜ್ಜಿ ಮೊಮ್ಮಗಳ ಬೆನ್ನು. ಇಬ್ಬರೂ ಕಲ್ಲುಕಟ್ಟೆಯ ನೆರಳಿನಲ್ಲಿ, ಇಬ್ಬರ ತಲೆಯೂ ಒಂದೇ ಕಡೆಗೆ ಬಾಗಿದೆ. ಒಳಗೆ ಫೋಟೊ ತೆಗೆಯುವ ಹಾಗಿಲ್ಲ. ಹೊರಗೆ ಇದ್ದದ್ದೇ ಸಾಕಾಯಿತು.

ಇನ್ನೊಂದು ವಿಷಯ ಅಪ್ಪನ ಪಂಚೆಯಿಂದ ತಿಳಿಯಿತು. ಕಪ್ಪಗಾದ ಮುರಕಲ್ಲಿನ ಗೋಡೆಯ ಮುಂದೆ ಅಪ್ಪ ಬಿಳಿ ಪಂಚೆ ಉಟ್ಟು ನಿಂತಿದ್ದರು. ಫೋಟೊದಲ್ಲಿ ಪಂಚೆಯ ಮಡಿಕೆ ಒಂದೂ ಇಲ್ಲ, ಬರೀ ಬೆಳ್ಳನೆಯ ತುಂಡು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಎದುರಿಗೆ ಇರುವುದನ್ನೆಲ್ಲ ಸರಾಸರಿ ಬೂದು ಬಣ್ಣ ಅಂದುಕೊಂಡು ಲೆಕ್ಕ ಹಾಕುತ್ತದೆ. ಫ್ರೇಮಿನ ತುಂಬ ಕಪ್ಪು ಗೋಡೆ ಇದ್ದರೆ, ಓ ಕತ್ತಲೆ, ಅಂತ ಬೆಳಕು ಹೆಚ್ಚಿಸುತ್ತದೆ. ಗೋಡೆ ಬೆಳಗುತ್ತದೆ, ಪಂಚೆ ಸುಟ್ಟುಹೋಗುತ್ತದೆ. ಪ್ಲಸ್ ಮೈನಸ್ ಬಟನ್ ಒತ್ತಿ ಮೈನಸ್ ಒಂದಕ್ಕೆ ಇಳಿಸಿದರೆ ಅಂಚಿನ ಜರಿಯ ಸಮೇತ ಎಲ್ಲವೂ ಬಂತು.

ಭಾನುವಾರ, ಬಾಯಾರು

ಪುತ್ತಿಗೆ, ಧರ್ಮತ್ತಡ್ಕದ ಕಡೆಯಿಂದ ಬಾಯಾರಿನ ಚಿಕ್ಕಮ್ಮನ ಮನೆಗೆ. ಈ ದಾರಿಯಲ್ಲಿ ಹೋಗುವಾಗ ಬಸ್ಸಿನ ಬೋರ್ಡು ಮಲಯಾಳ, ಅಂಗಡಿಯವನ ಮಾತು ತುಳು, ಶಾಲೆಯ ಗೋಡೆ ಕನ್ನಡ. ನಮಗೆ ಅದು ಕಣ್ಣಿಗೆ ಬೀಳುವುದೂ ಇಲ್ಲ. ಇವರಿಗೆ ಮಾತ್ರ ಮದುವೆಯಾಗಿ ಇಷ್ಟು ವರ್ಷವಾದರೂ ಮುಗಿಯದ ತಮಾಷೆ.

ಚಿಕ್ಕಮ್ಮನ ಮನೆಗೆ ನೀರು ಸುರಂಗದ್ದು. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡದ ಬುಡದ ಮನೆಗಳಿಗೆಲ್ಲ ಹೀಗೆಯೇ. ಬಾವಿಯ ಹಾಗೆ ಕೆಳಗೆ ತೋಡುವುದಿಲ್ಲ, ಗುಡ್ಡಕ್ಕೆ ಅಡ್ಡವಾಗಿ ತೋಡುತ್ತಾರೆ. ಒಬ್ಬ ಮನುಷ್ಯ ತುಸು ಬಗ್ಗಿ ಹೋಗುವಷ್ಟು ಎತ್ತರ, ಎರಡೂ ಹೆಗಲು ಗೋಡೆಗೆ ತಾಗುವಷ್ಟು ಅಗಲ. ನೆಲವನ್ನು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರು ಇಟ್ಟರೆ ಆಯಿತು, ಮುರಕಲ್ಲಿನಿಂದ ಒಸರುವ ನೀರು ತಾನಾಗಿ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಗಡಿಯ ಆಚೆ, ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಪಿಕ್ಕಾಸು ಹಿಡಿದು ಸುರಂಗದ ಮೇಲೆ ಸುರಂಗ ತೋಡಿದರು. ನೀರು ಸಿಗದೆ ಎಷ್ಟೋ ಸಲ ಸೋತು, ಕೊನೆಗೆ ನೀರು ಕಂಡು ಬೋಳು ಗುಡ್ಡದಲ್ಲಿ ಅಡಿಕೆ ತೋಟ ಎಬ್ಬಿಸಿದವರು ಅವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚಿಕ್ಕಮ್ಮನ ಮನೆಯ ಸುರಂಗ ತೋಡಿದವರ ಹೆಸರು ಈಗ ಯಾರಿಗೂ ನೆನಪಿಲ್ಲ.

ಊಟಕ್ಕೆ ಮೊದಲು ಕ್ಯಾಮೆರಾ, ಟ್ರೈಪಾಡು, ಟಾರ್ಚು ಹಿಡಿದು ಒಳಗೆ ಹೋದೆವು. ನಾನು, ಅಣ್ಣನ ಮಗ, ಮತ್ತು ಬೇಡ ಅಂದರೂ ಮಗಳು. ಹೊರಗೆ ಉರಿ ಬಿಸಿಲು, ಒಳಗೆ ನಾಲ್ಕು ಹೆಜ್ಜೆಗೆ ತಂಪು, ಹತ್ತು ಹೆಜ್ಜೆಗೆ ಕತ್ತಲೆ. ಪಾದದ ಮೇಲೆ ತೆಳ್ಳಗೆ ನೀರು ಹರಿಯುತ್ತಿತ್ತು. ಎಲ್ಲೋ ಒಳಗೆ ತೊಟ್ಟಿಕ್ಕುವ ಶಬ್ದ. ಸುರಂಗ ತೋಡುವವರು ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರಂತೆ. ಬತ್ತಿ ಮಂಕಾದರೆ ಗಾಳಿ ಸಾಲುತ್ತಿಲ್ಲ, ಹೊರಗೆ ಬರಬೇಕು.

ಇಲ್ಲಿ ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟ್ರೈಪಾಡಿನ ಕಾಲುಗಳನ್ನು ನೀರಿನಲ್ಲೇ ಊರಿದೆವು. ಅಪರ್ಚರ್, ಅಂದರೆ ಬೆಳಕು ಒಳಬರುವ ಲೆನ್ಸಿನ ಕಂಡಿ, ಎಫ್ 8; ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಐಎಸ್‌ಒ, 200; ಶಟರ್ ತೆರೆದಿರುವುದು 20 ಸೆಕೆಂಡ್. ಕೈ ತಾಗಿ ಅಲುಗಬಾರದು ಅಂತ ಸೆಲ್ಫ್ ಟೈಮರ್. ಮೊದಲು ಕ್ಯಾಮೆರಾದ ಪಕ್ಕದಲ್ಲೇ ನಿಂತು ಟಾರ್ಚು ಬಿಟ್ಟೆವು. ಗೋಡೆ ಬೆಳಗಿತು. ಕೆಂಪು ಸಿಮೆಂಟು ಬಳಿದ ಪೈಪಿನ ಒಳಗೆ ನಿಂತ ಹಾಗೆ ಇತ್ತು, ನುಣ್ಣಗೆ. ಕೈಯಲ್ಲಿ ಮುಟ್ಟಿ ನೋಡಿದರೆ ಗೋಡೆ ನುಣ್ಣಗಿಲ್ಲವೇ ಇಲ್ಲ.

ಆಮೇಲೆ ಅಣ್ಣನ ಮಗ ಟಾರ್ಚು ಹಿಡಿದು ನಾಲ್ಕು ಮಾರು ಮುಂದೆ ಹೋದ. ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು, ಬೆಳಕು ಗೋಡೆಯನ್ನು ಸವರಿಕೊಂಡು ಬರುವ ಹಾಗೆ ಬಿಟ್ಟ. ಶಟರ್ ತೆರೆದಿರುವಷ್ಟು ಹೊತ್ತೂ ಅದನ್ನು ಮೇಲೆ ಕೆಳಗೆ ನಿಧಾನ ಆಡಿಸಿದ. ಸ್ಕ್ರೀನಿನಲ್ಲಿ ಚಿತ್ರ ಬಂದಾಗ ಮೂವರೂ ಮಾತಾಡಲಿಲ್ಲ. ಪಿಕ್ಕಾಸಿನ ಒಂದೊಂದು ಏಟೂ ಕಾಣುತ್ತಿತ್ತು. ಎಲ್ಲ ಏಟೂ ಒಂದೇ ವಾಲಿಗೆ, ಮೇಲಿನಿಂದ ಎಡಕ್ಕೆ. ಎದೆಮಟ್ಟದಲ್ಲಿ ಏಟುಗಳು ಒತ್ತೊತ್ತಾಗಿ, ಆಳವಾಗಿ. ಮಾಡಿನ ಹತ್ತಿರ ದೂರ ದೂರ, ಕೈ ಎತ್ತಿ ಸೋತ ಹಾಗೆ. ಒಂದು ಕಡೆ ಗಟ್ಟಿ ಕಲ್ಲು ಸಿಕ್ಕಿರಬೇಕು, ಸುರಂಗ ಸ್ವಲ್ಪ ಬಲಕ್ಕೆ ಸರಿದು ಮತ್ತೆ ನೇರವಾಗಿದೆ. ಇಷ್ಟು ಸಲ ಇಲ್ಲಿ ಬಂದು ನೀರು ಕುಡಿದಿದ್ದೇನೆ, ಇದನ್ನು ನೋಡಿರಲಿಲ್ಲ.

ಹೊರಗೆ ಬಂದು ಚಿಕ್ಕಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಎಡಗೈಯವ ಇರಬೇಕು ಮಾರಾಯ್ತಿ" ಅಂದರು. ಹೌದೋ ಅಲ್ಲವೋ, ಊಟದ ಹೊತ್ತಿಗೆಲ್ಲ ಅದೇ ಚರ್ಚೆ. ಚಿಕ್ಕಪ್ಪ ಅಡುಗೆಮನೆಯಿಂದ ಸೌಟು ತಂದು ಗೋಡೆಗೆ ಬೀಸಿ ತೋರಿಸಿದರು. ಹಲಸಿನ ಹಪ್ಪಳ ಎರಡು ಸುತ್ತು ಖಾಲಿಯಾಯಿತು.

ಸಂಜೆ ಪೊಸಡಿಗುಂಪೆ ಹತ್ತಿದೆವು. ಹುಲ್ಲುಗುಡ್ಡ. ಪಶ್ಚಿಮಕ್ಕೆ ಸಮುದ್ರ, ಆಕಾಶ ತಿಳಿಯಾಗಿದ್ದರೆ ಪೂರ್ವಕ್ಕೆ ಕುದುರೆಮುಖದ ಸಾಲು. ಅಂತೂ ನಮಗೂ ಒಂದು ದಿನ ಸಂಜೆ ಬೆಳಕು ಸಿಕ್ಕಿತು ಅನ್ನಿ. ಮುಳುಗುವ ಸೂರ್ಯನ ಎದುರು ಮನೆಮಂದಿಯ ಕಪ್ಪು ಆಕೃತಿ ತೆಗೆಯೋಣ ಅಂದರೆ ಎಲ್ಲರೂ ಒಟ್ಟಿಗೆ ಅಂಟಿ ನಿಂತರು. ಫೋಟೊದಲ್ಲಿ ಆರು ತಲೆಯ ಒಂದು ಬಂಡೆ. ಕಪ್ಪು ಆಕೃತಿಯಲ್ಲಿ ಮುಖ ಇಲ್ಲ, ಅಂಚು ಮಾತ್ರ. ಹಾಗಾಗಿ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಆಕಾಶ ಕಾಣಬೇಕು. ಸರಿದು ನಿಲ್ಲಿ ಅಂದರೆ ಅತ್ತಿಗೆ ನಗುತ್ತಾ, "ನಲ್ವತ್ತು ವರ್ಷದಿಂದ ಮಾವ ಅತ್ತೆ ಇಷ್ಟು ಹತ್ತಿರ ನಿಂತದ್ದು ಇವತ್ತೇ, ಬಿಡು" ಅಂದರು.

ಸೋಮವಾರ, ಬೇಕಲ

ಕಾಸರಗೋಡಿನಲ್ಲಿ ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮ, ಪಾಲಕ್ಕುನ್ನು. ರಜೆಯ ದಿನ, ಗಾಡಿಯ ಮೇಲೆ ಗಾಡಿ. ಕೋಟೆ ಬಾಗಿಲಿಗೆ ಬಂದಾಗ ಹನ್ನೆರಡು ಹೊಡೆದಿತ್ತು.

ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ. ಸುಮಾರು 40 ಎಕರೆ, ಕೇರಳದ ಕೋಟೆಗಳಲ್ಲೇ ದೊಡ್ಡದು. ನಡುವಿನ ಬುರುಜಿಗೆ ಮೆಟ್ಟಿಲಿಲ್ಲ, ಅಗಲದ ಇಳಿಜಾರು ದಾರಿ. ಅಪ್ಪ ಬಿಸಿಲಿಗೆ ಹೆದರದೆ ಮೇಲೆ ಹತ್ತಿದರು, ಇವರು ನೆರಳು ಹುಡುಕಿ ಕೂತರು. ನಾಲ್ಕೂ ದಿಕ್ಕಿಗೆ ಮೊಬೈಲು ಹಿಡಿದ ಜನ. ಎಲ್ಲಿ ಗುರಿ ಇಟ್ಟರೂ ಯಾರದೋ ಸೆಲ್ಫಿ ಸ್ಟಿಕ್ಕು.

ಅಣ್ಣನ ಮಗ ಗೋಡೆಯ ಕಿಂಡಿಗಳನ್ನು ತೋರಿಸಿದ. ಬಂದೂಕಿನ ಕಿಂಡಿಗಳು. ಮೇಲಿನವು ದೂರದ ಶತ್ರುವಿಗೆ, ಅದರ ಕೆಳಗಿನವು ಹತ್ತಿರ ಬಂದವನಿಗೆ, ತೀರ ಕೆಳಗಿನವು ಗೋಡೆಯ ಬುಡಕ್ಕೆ ಬಂದವನಿಗೆ. ಕಿಂಡಿಯ ಒಳಗೆ ಬೆಳಕು ಒಂದೇ ಕಡೆಯಿಂದ ಬರುತ್ತದೆ, ಸಮುದ್ರದ ಕಡೆಯಿಂದ. ಹೊರಗೆ ಮೂಗಿನ ಕೆಳಗೆ ಕಪ್ಪು ನೆರಳು ಬೀಳಿಸುವ ಅದೇ ಬಿಸಿಲು ಅಷ್ಟು ದಪ್ಪದ ಗೋಡೆ ದಾಟಿ ಬರುವಾಗ ಮೆತ್ತಗಾಗಿರುತ್ತದೆ. ಮಗಳಿಗೆ ಹೇಳಬೇಕಾಗಿಯೂ ಬರಲಿಲ್ಲ, ಕಿಂಡಿ ಕಂಡರೆ ಮಕ್ಕಳು ಇಣುಕದೆ ಬಿಡುವುದಿಲ್ಲ. ಅರ್ಧ ಮುಖ ಬೆಳಕು, ಅರ್ಧ ಕತ್ತಲೆ, ಕಣ್ಣಿನಲ್ಲಿ ಸಮುದ್ರದ ಸಣ್ಣ ಬಿಳಿ ಚುಕ್ಕೆ. ಸುತ್ತಲಿನ ಜನಜಂಗುಳಿ ಯಾವುದೂ ಫ್ರೇಮಿನಲ್ಲಿಲ್ಲ.

ಕೆಳಗೆ ಮರಳಿನಲ್ಲಿ ಓಡುವಾಗ ಶಟರ್ ವೇಗವನ್ನು ಸೆಕೆಂಡಿನ 500ರಲ್ಲಿ ಒಂದು ಭಾಗಕ್ಕೆ ಏರಿಸಿ, ಬರ್ಸ್ಟ್ ಒತ್ತಿದೆ. ಈ ಕ್ಯಾಮೆರಾ ಸೆಕೆಂಡಿಗೆ ಐದು ತೆಗೆಯುತ್ತದೆ. ಅಷ್ಟೂ ಮೆಮರಿ ಕಾರ್ಡಿಗೆ ಭಾರ. ಬೀಚಿನ ಫೋಟೊ ಎಲ್ಲರ ಮನೆಯಲ್ಲೂ ಒಂದೇ ತರ ಇರುತ್ತದೆ, ನಮ್ಮದೂ ಹಾಗೇ.

ಮಂಗಳವಾರ, ಮನೆ

ಎಲ್ಲಿಗೂ ಹೋಗುವುದಿಲ್ಲ ಅಂತ ಅಮ್ಮ ಹಟ ಹಿಡಿದರು. ಬೆಳಿಗ್ಗೆ ಸೇಮಿಗೆ (ಒತ್ತು ಶ್ಯಾವಿಗೆ), ಅದಕ್ಕೆ ಬಾಳೆಹಣ್ಣಿನ ರಸಾಯನ.

ಅವತ್ತು ಅಣ್ಣನ ಹಳೆಯ ಲೆನ್ಸನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದೆ. ಫಿಲ್ಮ್ ಕ್ಯಾಮೆರಾ ಇದ್ದ ಕಾಲದ 50 ಎಂಎಂ, ಎಫ್ 1.8 ಡಿ. ನನ್ನ ಕ್ಯಾಮೆರಾಕ್ಕೆ ಸಿಕ್ಕಿಸಿದ ಕೂಡಲೇ ಸ್ಕ್ರೀನಿನಲ್ಲಿ ಎಫ್‌ಇಇ ಅಂತ ಮಿನುಗಿತು, ಕ್ಲಿಕ್ ಆಗಲೇ ಇಲ್ಲ. ಈ ಲೆನ್ಸಿನ ಮೈಮೇಲೆ ಅಪರ್ಚರಿನ ಬಳೆ ಇದೆ. ಅದನ್ನು 22ಕ್ಕೆ ತಿರುಗಿಸಿ ಬೀಗ ಹಾಕಿದರೆ ಸರಿ, ಆಮೇಲೆ ಅಪರ್ಚರ್ ಕ್ಯಾಮೆರಾವೇ ನೋಡಿಕೊಳ್ಳುತ್ತದೆ. ಫೋಕಸ್ ಮಾತ್ರ ಕೈಯಲ್ಲೇ. ಡಿ3300ರ ಒಳಗೆ ಫೋಕಸ್ ಮೋಟಾರ್ ಇಲ್ಲ, ಈ ಹಳೆಯ ಲೆನ್ಸಿನಲ್ಲೂ ಇಲ್ಲ. ವ್ಯೂಫೈಂಡರಿನ ಎಡ ಮೂಲೆಯಲ್ಲಿ ಒಂದು ಹಸಿರು ಚುಕ್ಕೆ ಹತ್ತಿಕೊಂಡರೆ ಫೋಕಸ್ ಬಂತು ಅಂತ.

ಅಡುಗೆಮನೆಯ ಕಿಟಕಿ ಪೂರ್ವಕ್ಕೆ. ಒಲೆಯ ಹಿಂದಿನ ಗೋಡೆ ವರ್ಷಗಟ್ಟಲೆ ಹೊಗೆ ಕುಡಿದು ಕಪ್ಪಾಗಿದೆ. ಅಮ್ಮ ಬೆಂದ ಉಂಡೆಗಳನ್ನು ಒಂದೊಂದಾಗಿ ಸೇಮಿಗೆ ಮಣೆಗೆ ಹಾಕಿ ಕೊಡುತ್ತಿದ್ದರು, ಅಣ್ಣ ಒತ್ತುತ್ತಿದ್ದ, ಅತ್ತಿಗೆ ಕೆಳಗೆ ಬಾಳೆಲೆ ಹಿಡಿದಿದ್ದರು. ಉಂಡೆ ಬಿಸಿ ಇರುವಾಗಲೇ ಒತ್ತಬೇಕು, ಆರಿದರೆ ಎಷ್ಟು ಬಲ ಹಾಕಿದರೂ ಇಳಿಯುವುದಿಲ್ಲ. "ಒಂದು ನಿಮಿಷ ನಿಲ್ಲಿ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಮೊದಲು ಕಿಟಕಿಗೆ ಬೆನ್ನು ಕೊಟ್ಟು ನಿಂತೆ. ಅಣ್ಣನ ಮುಖ ಚೆನ್ನಾಗಿ ಬಂತು, ಆದರೆ ಹಬೆಯೇ ಇಲ್ಲ. ಕಣ್ಣೆದುರು ದಟ್ಟ ಹಬೆ ಏಳುತ್ತಿದೆ, ಫೋಟೊದಲ್ಲಿ ಏನೂ ಇಲ್ಲ. ಅಂಗಳದಲ್ಲಿ ಅಪ್ಪ ಹೇಳಿದ್ದು ನೆನಪಾಗಿ ಆಚೆ ಬದಿಗೆ ಹೋದೆ. ಕಿಟಕಿ ಓರೆಯಾಗಿ ಎದುರಿಗೆ ಬರುವ ಹಾಗೆ, ಹಬೆಯ ಹಿಂದೆ ಕಪ್ಪು ಗೋಡೆ ಬೀಳುವ ಹಾಗೆ ನಿಂತೆ. ಈಗ ಹಬೆ ಬೆಳ್ಳಗೆ ಎದ್ದಿತು. ಹಬೆ ಕಾಣಲು ಎರಡು ಬೇಕು. ಹಿಂದಿನಿಂದ ಬೆಳಕು, ಹಿನ್ನೆಲೆಗೆ ಕತ್ತಲೆ. ಒಂದು ಇಲ್ಲದಿದ್ದರೂ ಆಗದು. ಹೊಸ ಮನೆಗಳ ಬಿಳಿ ಟೈಲ್ಸ್ ಅಡುಗೆಮನೆಯಲ್ಲಿ ಈ ಫೋಟೊ ಹುಟ್ಟುವುದಿಲ್ಲ.

ಎಫ್ 1.8ರಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಐದಾರು ಸೆಂಟಿಮೀಟರ್ ಅಷ್ಟೇ. ಎಳೆಗಳು ಸ್ಪಷ್ಟವಾದರೆ ಅತ್ತಿಗೆಯ ಬೆರಳು ಮಸುಕು. ಅಪರ್ಚರನ್ನು ಎಫ್ 4ಕ್ಕೆ ಕಿರಿದು ಮಾಡಿ, ಐಎಸ್‌ಒ ಏರಿಸಿ, ಶಟರ್ ಸೆಕೆಂಡಿನ 125ರಲ್ಲಿ ಒಂದು ಭಾಗಕ್ಕೆ ಇಟ್ಟ ಮೇಲೆ ಎಳೆ, ಬೆರಳು, ಬಾಳೆಲೆಯ ಅಂಚು ಮೂರೂ ಒಟ್ಟಿಗೆ ಸಿಕ್ಕವು. ಸೇಮಿಗೆ ಬೀಳುವಾಗ ನೇರ ಬೀಳುವುದಿಲ್ಲ, ಎಲೆ ಮುಟ್ಟುವ ಮೊದಲು ಒಂದು ಸಣ್ಣ ಸುತ್ತು ಹಾಕುತ್ತದೆ. ಅತ್ತಿಗೆ ಎಲೆಯನ್ನು ಅದರ ಜೊತೆಗೇ ತಿರುಗಿಸುತ್ತಾರೆ. ಅವರಿಗೆ ಕೇಳಿದರೆ, "ನಾನು ತಿರುಗಿಸ್ತೇನಾ?" ಅಂದರು.

ಬುಧವಾರ, ಮಧೂರು, ರಾತ್ರಿ ಆಟ

ಮಧೂರಿಗೆ ಹೋಗದೆ ಅಮ್ಮ ನಮ್ಮನ್ನು ಮೈಸೂರಿಗೆ ಕಳಿಸುವುದಿಲ್ಲ. ಮದನಂತೇಶ್ವರ ಶಿವನೇ ಇಲ್ಲಿನ ಮುಖ್ಯ ದೇವರು, ಆದರೆ ಎಲ್ಲರೂ ಬರುವುದು ಗಣಪತಿಗೆ, ಮತ್ತೆ ಪ್ರಸಾದವಾಗಿ ಕೊಡುವ ಸಿಹಿ ತಿಂಡಿ ಅಪ್ಪಕ್ಕೆ. 2025ರ ಬ್ರಹ್ಮಕಲಶ, ಗಣಪತಿಯನ್ನು ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆಗೆ ನಮಗೆ ಬರಲಾಗಿರಲಿಲ್ಲ. ಆನೆಯ ಬೆನ್ನಿನ ಆಕಾರದ ಮೂರು ಅಂತಸ್ತಿನ ಮಾಡು, ಮೇಲೆ ತಾಮ್ರದ ಹೊದಿಕೆ. ಬಿಸಿಲಿಗೆ ತಾಮ್ರ ಹೊಳೆಯುತ್ತಿತ್ತು. ಪೋಲರೈಸರ್ ಹಾಕಿ ತಿರುಗಿಸಿದೆ, ಏನೂ ಬದಲಾಗಲಿಲ್ಲ. ನೀರಿನ, ಎಲೆಯ ಹೊಳಪನ್ನು ತೆಗೆಯುವ ಆ ಗಾಜು ಲೋಹದ ಹೊಳಪಿಗೆ ಕೆಲಸ ಮಾಡುವುದಿಲ್ಲ. ಒಂದು ಮೋಡ ಬರುವವರೆಗೆ ಮಧುವಾಹಿನಿ ಹೊಳೆಯ ಬದಿಯಲ್ಲಿ ಪ್ರಸಾದದ ಅಪ್ಪ ತಿನ್ನುತ್ತಾ ನಿಂತೆವು. ಮೋಡ ಬಂತು, ತಾಮ್ರದ ನಿಜವಾದ ಬಣ್ಣ ಬಂತು, ಹೊರಟೆವು.

ರಾತ್ರಿ ಹತ್ತಿರದ ಗದ್ದೆಯಲ್ಲಿ ಆಟ, ಅಂದರೆ ಯಕ್ಷಗಾನ. ದೀಪಾವಳಿ ಕಳೆದರೆ ಮೇ ಕೊನೆಯ ಪತ್ತನಾಜೆಯವರೆಗೆ ನಮ್ಮ ಕಡೆ ಆಟದ ಕಾಲ. ಯಕ್ಷಗಾನದ ನಮ್ಮ ಕಡೆಯ ಶೈಲಿಯಾದ ತೆಂಕುತಿಟ್ಟಿನ ಪಿತಾಮಹ ಅನ್ನಿಸಿಕೊಂಡ ಪಾರ್ತಿಸುಬ್ಬ ಕುಂಬಳೆಯವ, ಹಾಗಾಗಿ ಇಲ್ಲಿನವರಿಗೆ ಆಟದ ವಿಷಯದಲ್ಲಿ ಗತ್ತು ಸ್ವಲ್ಪ ಜಾಸ್ತಿ. ಅಣ್ಣನ ಮಗ ನೇರ ಚೌಕಿಗೆ, ಕಲಾವಿದರು ಬಣ್ಣ ಹಚ್ಚುವ ಜಾಗಕ್ಕೆ, ಕರೆದುಕೊಂಡು ಹೋದ. ಚಪ್ಪಲಿ ಹೊರಗೆ. ಚೌಕಿಯ ದೇವರಿಗೆ ಕೈ ಮುಗಿದು, ಕಲಾವಿದರ ಹತ್ತಿರ ಕೇಳಿ, ಆಮೇಲೆ ಕ್ಯಾಮೆರಾ.

ಸಾಲಾಗಿ ಪೆಟ್ಟಿಗೆಗಳು, ಪ್ರತಿಯೊಬ್ಬರ ಎದುರು ಕನ್ನಡಿ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಚುಟ್ಟಿ ಇಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಮುಖದ ಮೇಲೆ ಮುಳ್ಳು ಮುಳ್ಳಾಗಿ ಎಬ್ಬಿಸುವುದು. ಗಂಟೆಗಟ್ಟಲೆ ಹಿಡಿಯುತ್ತದೆ. ಅವರು ಕನ್ನಡಿ ನೋಡುವಾಗ ನಾನು ಅವರ ಹೆಗಲ ಹಿಂದಿನಿಂದ ಕನ್ನಡಿಯೊಳಗಿನ ಮುಖಕ್ಕೆ ಫೋಕಸ್ ಮಾಡಿದೆ. ಕನ್ನಡಿಗೆ ಫೋಕಸ್ ಮಾಡಿದರೆ ಮುಖ ಮಸುಕು. ಪ್ರತಿಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿ ಇರುತ್ತದೆ, ಹಾಗಾಗಿ ಫೋಕಸಿನ ಬಳೆಯನ್ನು ಇನ್ನೂ ಮುಂದಕ್ಕೆ ತಿರುಗಿಸಬೇಕು.

ತೆಗೆದ ಫೋಟೊಗಳಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು, ಕೆಲವು ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ಚುರುಕಾದರೆ ಮಿನುಗಿನ ಒಂದು ತುಂಡು ಮಾತ್ರ ಸಿಗುತ್ತದೆ. ಶಟರನ್ನು ಸೆಕೆಂಡಿನ 100ರಲ್ಲಿ ಒಂದು ಭಾಗಕ್ಕೆ ಇಳಿಸಿದೆ, ಪಟ್ಟಿ ಹೋಯಿತು. ಚೌಕಿಯಲ್ಲಿ ಇದು ಸರಿ. ರಂಗಸ್ಥಳದಲ್ಲಿ ವೇಷ ಗಿರಕಿ ಹೊಡೆಯುವಾಗ ಅದೇ 100 ಇಟ್ಟರೆ ಕಿರೀಟ ಎಲ್ಲೋ, ಮುಖ ಎಲ್ಲೋ. ಮಗಳು ಅದೇ ಚಂದ ಅಂದಳು. ನಿಜ ಹೇಳಬೇಕೆಂದರೆ ನನಗೂ. ಸ್ತಬ್ಧವಾಗಿ ನಿಂತ ಗಿರಕಿ ಗಿರಕಿಯೇ ಅಲ್ಲ. ಈ ಮಾತಿಗೆ ಗುರುಗಳ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಕಾಲಮಿತಿಯ ಆಟ, ಹನ್ನೆರಡೂವರೆಗೆ ಮುಗಿಯಿತು. ಅಪ್ಪನಿಗೆ ಅದು ಇವತ್ತಿಗೂ ಸಮಾಧಾನ ಇಲ್ಲ. ಬೆಳಗಾಗದ ಆಟ ಎಂತ ಆಟ ಅಂತ ದಾರಿಯುದ್ದಕ್ಕೂ ಗೊಣಗಿದರು.

ಗುರುವಾರ, ಜಗಲಿ

ಮಧ್ಯಾಹ್ನ ಊಟ ಮಾಡಿ ಹೊರಡುವುದು ಅಂತ ಇತ್ತು. ಬೆಳಿಗ್ಗೆ ಅಪ್ಪ, "ಸೊಸೈಟಿಗೆ ಕೊಡ್ಲಿಕ್ಕೆ ಎರಡು ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕಿತ್ತು. ಇಷ್ಟೆಲ್ಲ ಸಾಮಾನು ಉಂಟಲ್ಲ, ತೆಗೆದು ಕೊಡು" ಅಂದರು.

ತೆಂಕು ಜಗಲಿಯಲ್ಲಿ ಬಿಸಿಲು ನುಗ್ಗುವ ಗೆರೆಯಿಂದ ಎರಡು ಹೆಜ್ಜೆ ಒಳಗೆ ಸ್ಟೂಲ್ ಇಟ್ಟೆ. ಹಿಂದೆ ಅಪ್ಪನದೇ ಒಗೆದ ಬಿಳಿ ಪಂಚೆಯನ್ನು ಹಗ್ಗಕ್ಕೆ ಕಟ್ಟಿದೆವು. ಅಂಗಳದ ಅಡಿಕೆಗೆ ಬಿದ್ದ ಬಿಸಿಲು ಮೇಲೆ ಪುಟಿದು ಅಪ್ಪನ ಮುಖಕ್ಕೆ ತುಸು ಕೆಂಪು ಕೊಟ್ಟಿತು. ಅಂಗಳದ ಅಂಚಿಗೆ ಒಂದು ಬಿಳಿ ಬೆಡ್‌ಶೀಟ್ ಹಾಸಿದ ಮೇಲೆ ಆ ಕೆಂಪು ಹೋಯಿತು. ಫ್ರೇಮಿನ ತುಂಬ ಬಿಳಿ ಇದ್ದ ಕಾರಣ ಈಗ ಪ್ಲಸ್ ಒಂದು, ಇಲ್ಲದಿದ್ದರೆ ಪಂಚೆ ಬೂದು ಬಣ್ಣಕ್ಕೆ ತಿರುಗುತ್ತದೆ. 35ಕ್ಕೆ 45 ಮಿಲಿಮೀಟರಿನ ಫೋಟೊ ಒಂದು 4ಕ್ಕೆ 6 ಇಂಚಿನ ಹಾಳೆಯಲ್ಲಿ ಎಂಟು ಹಿಡಿಸುತ್ತವೆ. ಬದಿಯಡ್ಕದಲ್ಲಿ ಪ್ರಿಂಟು ಹಾಕಿಸಿದರೆ ಆಯಿತು.

ಅಪ್ಪನದು ಮುಗಿಯುವಾಗ ಅಣ್ಣ ಶರ್ಟು ಬದಲಿಸಿ ಬಂದಿದ್ದ. ಅತ್ತಿಗೆ ಬ್ಯಾಂಕಿಗೆ ಬೇಕು ಅಂದರು. ಅಮ್ಮ ಏನೂ ಹೇಳದೆ ಒಳಗೆ ಹೋಗಿ ಸೀರೆ ಹುಡುಕತೊಡಗಿದರು. ಅಷ್ಟರಲ್ಲಿ ಅಡಿಕೆ ನೋಡಲು ವ್ಯಾಪಾರದ ಕಾಕ ಬಂದರು. ರಾಶಿಯಿಂದ ನಾಲ್ಕು ಅಡಿಕೆ ಹೆಕ್ಕಿ ಕಿವಿಯ ಹತ್ತಿರ ಕುಲುಕಿ ನೋಡಿದರು, ಇನ್ನೂ ಹದಿನೈದು ದಿನ ಹೋಗಲಿ ಅಂದರು. ಆಮೇಲೆ ಜಗಲಿಯ ಪಂಚೆ, ಸ್ಟೂಲು, ಸಾಲಿನಲ್ಲಿ ನಿಂತವರನ್ನೆಲ್ಲ ನೋಡಿ ಅಪ್ಪನ ಕಡೆ ತಿರುಗಿದರು.

"ದುಬೈಗೆ, ಮಗನ ಹತ್ರ ಹೋಗ್ಲಿಕ್ಕುಂಟು ಭಟ್ರೇ. ವೀಸಾಕ್ಕೆ ಫೋಟೊ ಬೇಕು. ನಮ್ಮದೂ ಒಂದು ತೆಗೀತಾರಾ?"

ಕೂತ್ಕೊಳ್ಳಿ ಅಂದೆ. ಕಾಕ ಸ್ಟೂಲಿನ ಮೇಲೆ ಕೂತು, ಗಡ್ಡ ನೀವಿಕೊಂಡು, ಬೆನ್ನು ನೆಟ್ಟಗೆ ಮಾಡಿ, ನಾನು ಕ್ಯಾಮೆರಾ ಎತ್ತುವಾಗ ಕೈ ಅಡ್ಡ ಹಿಡಿದರು. "ಒಂದು ನಿಮಿಷ ಅಮ್ಮಾ. ಪೌಡರ್ ಉಂಟಾ?"

ಮಗಳು ಪೌಡರ್ ತರಲು ಒಳಗೆ ಓಡಿದಳು. ಅಡಿಕೆಯ ಮೇಲಿನಿಂದಲೇ. ಇವರು ಕಾರಿನ ಕೀ ಆಡಿಸುತ್ತಾ, ಊಟಕ್ಕೆ ಎಲೆ ಹಾಕಿಯಾಯ್ತಾ ಅಂತ ಕೇಳಿದರು. ಎಲೆ ಹಾಕಬೇಕಾದ ಅಮ್ಮ ಹಸಿರು ಸೀರೆಯೋ ನೀಲಿಯೋ ಅಂತ ಇನ್ನೂ ಕೋಣೆಯಲ್ಲೇ ಇದ್ದರು.